ಬಸಿದ ಕಟ್ಟು

ಮುನಿಲಕ್ಷ್ಮಿ ಸೊಪ್ಪನ್ನು ಈಗ ಎರಡು ಸಲ ಬೇಯಿಸುತ್ತಾಳೆ.
ಮೊದಲ ನೀರು ಚೆಲ್ಲಿ, ಎರಡನೆಯದನ್ನೂ ಚೆಲ್ಲಿ
ಅಂದಿದ್ದಾರೆ ಆಸ್ಪತ್ರೆಯ ಊಟದ ಮೇಡಂ.
ಚೆಲ್ಲುವ ಮುಂಚೆ ಅವಳ ಕೈ ಒಂದು ಗಳಿಗೆ ತಡೆಯುತ್ತದೆ.
ಕೋಲಾರದ ಸೀಮೆಯವಳು,
ಬಸಿದ ಕಟ್ಟು ಚೆಲ್ಲಿ ಗೊತ್ತಿಲ್ಲ.
ಅವಳವ್ವ ಅದರಲ್ಲೇ ಸಾರು ಕುದಿಸಿ
ಏಳು ಮಕ್ಕಳನ್ನು ಸಾಕಿದ್ದು:
ಕಾಳು ಪಲ್ಯಕ್ಕೆ, ಕಟ್ಟು ಮುದ್ದೆಗೆ,
ನೆಲಕ್ಕೆ ಏನೂ ಇಲ್ಲ.
ಈಗ ಆ ಹಸಿರು ನೀರು ಕರಿಬೇವಿನ ಬುಡಕ್ಕೆ.
ಗಿಡ ಸೊಂಪಾಗಿದೆ. ಅದರ ಊಟ ನನ್ನದಕ್ಕಿಂತ ವಾಸಿ.

ಇಪ್ಪತ್ತಾರು ವರ್ಷ ಟೊಮೇಟೊ ಮಂಡಿಯಲ್ಲಿ
ಹರಾಜು ಕೂಗಿದವನು ನಾನು.
ಒಂದು ಹಣ್ಣೆತ್ತಿ, ಉಗುರು ತಾಗಿಸದೆ,
ಇನ್ನೆಷ್ಟು ದಿನ ತಡೆಯುತ್ತದೆಂದು ಹೇಳುತ್ತಿದ್ದೆ.
ಪಟ್ಟಿಯ ಮೊದಲ ಸಾಲೇ ಅದು:
ಟೊಮೇಟೊ, ಅಡ್ಡಗೆರೆ.
ಎಳನೀರು, ಬಾಳೆ, ಮಾವು, ಉಪ್ಪಿನಕಾಯಿ.
ರಾಗಿಗೆ ಗೆರೆ ಎಳೆಯುವಾಗ ಮಾತ್ರ
ಮೇಡಂ ನನ್ನ ಮುಖ ನೋಡಲಿಲ್ಲ.

ವಾರಕ್ಕೆ ಮೂರು ದಿನ ವೇಮಗಲ್ಲಿಂದ ಆರೂಕಾಲರ ಬಸ್ಸು.
ಒಳಗೆ ಕಾಲಿಟ್ಟ ಕೂಡಲೆ ತಕ್ಕಡಿ.
ಮಂಡಿಯಲ್ಲಿ ತೂಕ ಜಾಸ್ತಿ ಬಂದರೆ ರೈತನ ಮುಖ ಅರಳುತ್ತಿತ್ತು.
ಇಲ್ಲಿ ಎರಡೂವರೆ ಕೆಜಿ ಜಾಸ್ತಿ ಬಂದರೆ
ಸಿಸ್ಟರ್ ಜಬೀನಾ ಸೊಂಟಕ್ಕೆ ಕೈ ಇಡುತ್ತಾಳೆ:
"ಏನಣ್ಣ, ಕೆರೆ ಕುಡ್ಕೊಂಡು ಬಂದ್ರಾ?"
ಇಲ್ಲಮ್ಮ, ನೆಂಟರ ಮನೆ, ಅರ್ಧ ಲೋಟ ಮಜ್ಜಿಗೆ,
ಅಂತ ಶುರು ಮಾಡುತ್ತೇನೆ.
ಪಾದದ ಊತ ನನ್ನ ಮಾತಿಗೆ ಸಾಕ್ಷಿ ಹೇಳುವುದಿಲ್ಲ.

ನನಗೆ ದಿನಕ್ಕೆ ಮುಕ್ಕಾಲು ಲೀಟರು,
ಮಾತ್ರೆ ನುಂಗುವ ಗುಟುಕೂ ಸೇರಿ.
ಮಿಷನ್ನಿಗೆ ನಾಲ್ಕು ಗಂಟೆಗೆ ನೂರಿಪ್ಪತ್ತು.
ನಮ್ಮ ಬೀದಿ ನಲ್ಲಿಗೆ ಒಂಬತ್ತು ದಿನಕ್ಕೊಮ್ಮೆ ಬರುವ ನೀರು
ಇಲ್ಲಿ ನನ್ನ ರಕ್ತದ ಪಕ್ಕದಲ್ಲೇ ಹರಿದು,
ನಾಲಿಗೆಗೆ ಒಂದು ಹನಿ ತಾಕಿಸದೆ,
ಕೊಳೆ ಹೊತ್ತು ಪೈಪಿನಲ್ಲಿ ಹೊರಟುಹೋಗುತ್ತದೆ.
ಬಿಂದಿಗೆ ಹಿಡಿದು ಸಾಲಲ್ಲಿ ನಿಂತವರಿಗೆ
ಇದನ್ನು ಹೇಗೆ ಹೇಳುವುದು?

ಪಕ್ಕದ ಬೆಡ್ಡಿನ ಪಿಳ್ಳಣ್ಣನವರು ಕಲಿಸಿದ್ದು:
ಬಾಯಾರಿದರೆ ಲವಂಗ ಕಡಿ.
ಹೋದ ಮಂಗಳವಾರ ಅವರು ಬರಲಿಲ್ಲ.
ಯಾರೂ ಕೇಳಲಿಲ್ಲ. ಹಾಸಿಗೆಗೆ ಹೊಸ ಬಟ್ಟೆ ಹಾಸಿತ್ತು.
ಅವರು ಕೊಟ್ಟ ಪೊಟ್ಟಣ ನನ್ನ ಜೇಬಿನಲ್ಲಿದೆ,
ಆರು ಉಳಿದಿವೆ.

ಎಡ ಮಣಿಕಟ್ಟಿನ ಮೇಲೆ ಉಬ್ಬಿದ ನರ
ಝುಂ ಅನ್ನುತ್ತಲೇ ಇರುತ್ತದೆ,
ದೂರದ ತೋಟದಲ್ಲಿ ಬೋರಿನ ಮೋಟರು ಓಡಿದ ಹಾಗೆ.
ನಡುರಾತ್ರಿ ಎಚ್ಚರವಾದರೆ ಮುನಿಲಕ್ಷ್ಮಿ ಅಲ್ಲಿ ಕಿವಿ ಇಟ್ಟು
"ಓಡ್ತಾ ಐತೆ" ಅಂದು
ಮಗ್ಗುಲು ಬದಲಿಸುತ್ತಾಳೆ.

ಮೊನ್ನೆ ಶನಿವಾರ ಮೊದಲ ಪಾಳಿ ಸಿಕ್ಕಿ ಬೇಗ ಬಂದೆ.
ಬೀದಿ ತಿರುವಿನಲ್ಲೇ ಹುರುಳಿ ಕಟ್ಟಿನ ವಾಸನೆ,
ಬೆಳ್ಳುಳ್ಳಿ, ಮೆಣಸು, ಸುಟ್ಟ ಈರುಳ್ಳಿ.
ಯಾರ ಮನೆಯದೋ ಅಂದುಕೊಂಡೆ. ನಮ್ಮದೇ.
ಮುದ್ದೆ ಮುರಿದ ಕೈ ಹಾಗೇ ನಿಂತಿತು.
ಏಳು ತಿಂಗಳು ನನ್ನ ಜೊತೆ ಸಪ್ಪೆ ಅನ್ನ ಉಂಡವಳು
ಸೆರಗಿನಿಂದ ತಟ್ಟೆ ಮುಚ್ಚಿದಳು,
ಕದ್ದವಳ ಹಾಗೆ.

"ತೆಗಿ ಸೆರಗ. ತಿನ್ನು.
ನನ್ನ ಮುಂದೇನೆ ತಿನ್ನು."
ಎದುರಿಗೆ ಕೂತು, ಹಳೇ ಗಂಟಲು ತೆಗೆದು ಕೂಗಿದೆ:
ಒಂದು ತುತ್ತು, ಒಂದನೇ ಸಲ!
ಒಂದು ತುತ್ತು, ಎರಡನೇ ಸಲ!
ನಕ್ಕಳು, ಅಳುತ್ತಾ ನಕ್ಕಳು, ನೆತ್ತಿಗೇರಿತು.
ಚೊಂಬು ನಾನೇ ಎತ್ತಿ ಕೊಟ್ಟೆ, ಬಲಗೈಲಿ, ತುಂಬಿಸಿ.
ಗಟಗಟ ಕುಡಿದಳು.
ಆ ಸದ್ದು ಈ ಮನೆಯಲ್ಲಿ ಕೇಳಿ ಎಷ್ಟು ದಿನವಾಗಿತ್ತು!
ಅವಳೂ ನನ್ನ ಹಾಗೇ
ತೊಟ್ಟು ತೊಟ್ಟೇ ಕುಡಿಯುತ್ತಿದ್ದಳೇನೋ.

ಸಾರಿನ ಹಬೆ ನನ್ನ ಕಡೆಗೇ ಬರುತ್ತಿತ್ತು.
ನಾನೊಂದು ಲವಂಗ ಕಡಿದೆ.
ಐದು ಉಳಿದವು.